ಟ್ರೆಬಲ್ ಗುಂಡಿಯ ಗೀರುಗಳು

ನಮ್ಮ ಮನೆಯಲ್ಲಿ ಯಾರೂ ಯಾರ ಬೆನ್ನಿಗೂ ಮಾತಾಡುತ್ತಿರಲಿಲ್ಲ. ಇದನ್ನು ಕೇಳಿದವರು ಎಂಥ ಸಂಸ್ಕಾರವಂತರ ಮನೆ ಅಂದುಕೊಳ್ಳಬಹುದು. ಸಂಸ್ಕಾರವೂ ಇಲ್ಲ, ಮಣ್ಣೂ ಇಲ್ಲ. ಬನಹಟ್ಟಿಯ ನಮ್ಮ ಮನೆಯ ಪಡಸಾಲೆಯಲ್ಲಿ ಕರೆಂಟಿನ ನಾಲ್ಕು ಮಗ್ಗಗಳಿದ್ದವು. ಬೆಳಗ್ಗೆ ಏಳಕ್ಕೆ ಚಾಲೂ ಮಾಡಿದರೆ ಲಾಳಿಗಳು ಆ ಕಡೆಯಿಂದ ಈ ಕಡೆ ಬಡಿಯತೊಡಗುತ್ತಿದ್ದವು. ಆಮೇಲೆ ದಿನವಿಡೀ ಮನುಷ್ಯರ ದನಿಗೆ ಆ ಮನೆಯಲ್ಲಿ ಜಾಗ ಇರುತ್ತಿರಲಿಲ್ಲ. ಬೆನ್ನಿಗೆ ಏನು ಹೇಳಿದರೂ ವ್ಯರ್ಥ. ಹಾಗಾಗಿ ಎದುರಿಗೆ ಬಂದು, ಭುಜ ಮುಟ್ಟಿ, ತುಟಿ ದೊಡ್ಡದಾಗಿ ಆಡಿಸಿ ಮಾತಾಡಬೇಕು. ದಾರ ಹರಿದಿದೆ ಅನ್ನಲು ಒಂದು ಕೈಸನ್ನೆ, ಚಹಾಕ್ಕೆ ಒಂದು, ಬಾಗಿಲಿಗೆ ಯಾರೋ ಬಂದಿದ್ದಾರೆ ಅನ್ನಲು ಇನ್ನೊಂದು. ಅವ್ವ ಅಡುಗೆಮನೆಯ ಬಾಗಿಲಲ್ಲಿ ನಿಂತು ತುಟಿಯಲ್ಲೇ ಬೈದರೆ ಪಡಸಾಲೆಯ ಆ ತುದಿಯಲ್ಲಿದ್ದ ನನಗೆ ಒಂದಕ್ಷರ ತಪ್ಪದೆ ಮುಟ್ಟುತ್ತಿತ್ತು. ಸಾಲೆಯಲ್ಲಿ ಮಾಸ್ತರು ಹಲಗೆಯ ಕಡೆ ತಿರುಗಿ ಪಾಠ ಮಾಡಿದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮುಖ ತೋರಿಸದೆ ಮಾತಾಡುವುದು ಯಾವ ಸೀಮೆಯ ರೀತಿ!

ಪಡಸಾಲೆ ದಾಟಿದರೆ ನಡುಮನೆ, ಅದರ ಹಿಂದೆ ಅಡುಗೆಮನೆ. ನಡುಮನೆಯ ಒಂದು ಗೋಡೆಗೆ ನೂಲಿನ ಗಂಟುಗಳು, ಇನ್ನೊಂದು ಗೋಡೆಗೆ ಅಪ್ಪನ ಹಲಗೆ. ಆ ಹಲಗೆಯ ಮೇಲೆ ಎರಡು ಗಿಟಾರ್ ಆಂಪ್ಲಿಫೈಯರ್‌ಗಳು ಪಕ್ಕಪಕ್ಕ ಕೂತಿರುತ್ತಿದ್ದವು. ನೇಕಾರರ ಮನೆಯಲ್ಲಿ ಇವೇನು ಎಂದು ಹೊಸಬರು ಕೇಳುತ್ತಿದ್ದರು. ಅಪ್ಪ ಮೀಸೆ ಮೂಡುವ ವಯಸ್ಸಿನಲ್ಲಿ ಎರಡು ವರ್ಷ ಜಮಖಂಡಿಯ ಒಂದು ಟಾಕೀಸಿನಲ್ಲಿ ಸೌಂಡು ನೋಡಿಕೊಳ್ಳುವವನ ಕೈಕೆಳಗೆ ಇದ್ದನಂತೆ. ಅಜ್ಜ ಹೋಗಿ ಎಳೆದುಕೊಂಡು ಬಂದು ಮಗ್ಗಕ್ಕೆ ಹಚ್ಚಿದ. ಆದರೂ ಬೆಸುಗೆ ಹಾಕುವ ಕಡ್ಡಿಯನ್ನು ಅಪ್ಪ ಬಿಡಲಿಲ್ಲ. ರಬಕವಿಯಿಂದ, ಬೀಳಗಿಯಿಂದ ಆರ್ಕೆಸ್ಟ್ರಾದವರು ಕೆಟ್ಟ ಆಂಪ್ಲಿಫೈಯರ್ ಹೊತ್ತುಕೊಂಡು ನಮ್ಮ ಮನೆ ಹುಡುಕಿಕೊಂಡು ಬರುತ್ತಿದ್ದರು. ಹಲಗೆಯ ಮೇಲಿನ ಎರಡರಲ್ಲಿ ಒಂದು ಮಿರಜಿನಿಂದ ತಂದ ಹಳೆಯ ವಾಲ್ವಿನದು. ಅದನ್ನು ನಾವು ಮಿರಜಿ ಅನ್ನುತ್ತಿದ್ದೆವು. ಇನ್ನೊಂದು ಅಪ್ಪ ತಾನೇ ಟ್ರಾನ್ಸಿಸ್ಟರ್ ಹಾಕಿ ಕಟ್ಟಿದ್ದು, ಅದು ಮನೀದು. ಮಿರಜಿಗೆ ಗುಂಡಿ ಒತ್ತಿ ವಾಲ್ವ್ ಕೆಂಪಗೆ ಕಾಯುವ ತನಕ ತಡೆಯಬೇಕು, ಆಮೇಲೆ ಅದರ ದನಿ ತುಪ್ಪ ಹಚ್ಚಿದ ಹಾಗೆ ದುಂಡಗೆ ಬರುತ್ತಿತ್ತು. ಮನೀದು ಒತ್ತಿದ ಕ್ಷಣವೇ ತಯಾರು, ಆದರೆ ದನಿ ಒಣಕಲು. ತಾನು ಕಟ್ಟಿದ ಪೆಟ್ಟಿಗೆ ಒಂದು ದಿನ ಮಿರಜಿಯನ್ನು ಮೀರಿಸಬೇಕು ಎನ್ನುವುದು ಅಪ್ಪನ ಹಟವಾಗಿತ್ತು.

ಅವೆರಡನ್ನೂ ಹೋಲಿಸಿ ನೋಡಬೇಕೆಂದರೆ ಕರೆಂಟ್ ಇರಬೇಕು, ಮಗ್ಗ ನಿಂತಿರಬೇಕು. ರಾತ್ರಿ ಮಗ್ಗ ನಿಲ್ಲುವ ಹೊತ್ತಿಗೆ ಎಲ್ಲರೂ ಸುಸ್ತು, ಹಾಗಾಗಿ ಇವೆರಡೂ ಕೂಡಿ ಬರುತ್ತಿದ್ದದ್ದು ಅಮಾವಾಸ್ಯೆಗೆ ಮಾತ್ರ. ಅಮಾವಾಸ್ಯೆಯ ದಿನ ನಮ್ಮಲ್ಲಿ ಮಗ್ಗ ನಡೆಸುವುದಿಲ್ಲ. ಬೆಳಗ್ಗೆ ಮಗ್ಗದ ಮೈ ಒರೆಸಿ, ಎಣ್ಣೆ ಬಿಟ್ಟು, ವಿಭೂತಿ ಹಚ್ಚಿ, ಕಾಯಿ ಒಡೆಯುವುದು. ಆಮೇಲೆ ಅವ್ವನ ಹೋಳಿಗೆ, ಕಟ್ಟಿನ ಸಾರು. ಊಟ ಆದದ್ದೇ ತಡ, ಅಪ್ಪ ಹಲಗೆಯ ಮುಂದೆ ಕೂರುತ್ತಿದ್ದ. ನನ್ನ ಅಣ್ಣ ಮಲ್ಲಣ್ಣ ಗಿಟಾರ್ ಹಿಡಿಯುತ್ತಿದ್ದ. ಇಪ್ಪತ್ತರ ಹರೆಯದವನು, ಹಗಲೆಲ್ಲ ಮಗ್ಗದ ಮುಂದೆ ನಿಂತು, ಬಿಡುವಿದ್ದಾಗಲೆಲ್ಲ ಆ ಹಳೆಯ ಗಿಟಾರನ್ನು ಎದೆಗಪ್ಪಿಕೊಂಡಿರುವವನು. ನನಗೆ ಹನ್ನೊಂದು ವರ್ಷ. ನನ್ನ ಕೆಲಸ ಗೋಡೆಗೆ ಮುಖ ಮಾಡಿ ಕೂರುವುದು. ಯಾವುದು ಬಾರಿಸುತ್ತಿದೆ ಎಂದು ಕಣ್ಣಿಗೆ ಕಂಡರೆ ಕಿವಿ ಪಕ್ಷಪಾತ ಮಾಡುತ್ತದೆ ಎಂದು ಅಪ್ಪನ ವಾದ. ಒಂದು ಸಣ್ಣ ಸ್ವಿಚ್ಚಿನಿಂದ ಗಿಟಾರನ್ನು ಒಮ್ಮೆ ಮಿರಜಿಗೆ, ಒಮ್ಮೆ ಮನೀದಕ್ಕೆ ಬದಲಿಸುತ್ತ, ಒಂದನೇದ್ದೋ ಎರಡನೇದ್ದೋ ಎಂದು ನನ್ನನ್ನು ಕೇಳುತ್ತಿದ್ದ. ಬೆನ್ನ ಹಿಂದಿನಿಂದ ಬರುವ ಮಾತನ್ನು ಕೇಳಿಸಿಕೊಳ್ಳುವ ಸುಖ ನಮಗೆ ತಿಂಗಳಿಗೆ ಒಂದೇ ದಿನ ಸಿಗುತ್ತಿತ್ತು.

“ಜೋರಿದ್ದದ್ದು ಯಾವತ್ತೂ ಛಲೋ ಅನಸ್ತೈತಿ. ಅದು ಮೋಸ. ಮೊದಲ ಎರಡರದೂ ದನಿ ಸಮ ಮಾಡ್ಕೋಬೇಕು. ಆಮ್ಯಾಲ ಯಾವುದು ಛಲೋ ಅಂತ ಕೇಳ್ಬೇಕು,” ಅನ್ನುತ್ತಿದ್ದ ಅಪ್ಪ.

ಆಂಪ್ಲಿಫೈಯರಿನಲ್ಲಿ ಪ್ರೀಆಂಪ್ ಅಂದರೆ ಗಿಟಾರ್ ತಂತಿಯ ಸಣ್ಣ ದನಿಯನ್ನು ಮೊದಲು ಹಿಡಿದು ರೂಪ ಕೊಡುವ ಭಾಗ. ಗೇನ್, ಬಾಸ್, ಮಿಡಲ್, ಟ್ರೆಬಲ್ ಗುಂಡಿಗಳೆಲ್ಲ ಅದರವೇ. ಅಪ್ಪ ಎಲ್ಲವನ್ನೂ ಸೊನ್ನೆಗೆ ತಂದು ಒಂದೊಂದಾಗಿ ಏರಿಸುತ್ತಿದ್ದ. ಮೊದಲು ಮಿಡಲ್, ಗಿಟಾರಿನ ಜೀವ ಇರುವುದು ಅಲ್ಲಿ. ಆಮೇಲೆ ಬಾಸ್, ಹೊಟ್ಟೆ ತುಂಬುವಷ್ಟು ಮಾತ್ರ, ಹೆಚ್ಚಾದರೆ ತಬಲಾದವನ ಜಾಗ ನುಂಗುತ್ತದೆ. ಗೇನ್ ಏರಿಸುವಾಗ ಮಲ್ಲಣ್ಣನಿಗೆ ಮೀಟುತ್ತಲೇ ಇರು ಅನ್ನುತ್ತಿದ್ದ.

“ಮೆಲ್ಲಗ ಮೀಟಿದ್ರ ಮಾತಾಡ್ಬೇಕು, ಜೋರ ಮೀಟಿದ್ರ ಬೈಬೇಕು. ಹಾಂ, ಅಲ್ಲಿ ಬಂತು ನೋಡು. ಗೌರಾ, ಹ್ಯಾಂಗೈತಿ ಯವ್ವಾ?”

ಕೊನೆಗೆ ಟ್ರೆಬಲ್, ದನಿಯ ಚೂಪು. ಅದು ಸರಿಯಾದ ಜಾಗಕ್ಕೆ ಬಂದಾಗ ಅಪ್ಪ ಮನೀದರ ಗುಂಡಿಯ ಪಕ್ಕದ ತಗಡಿನ ಮೇಲೆ ಸೂಜಿಯಿಂದ ಒಂದು ಸಣ್ಣ ಗೀರು ಎಳೆಯುತ್ತಿದ್ದ. ಹೋದ ಅಮಾವಾಸ್ಯೆಗೆ ಎಲ್ಲಿತ್ತು, ಈ ಅಮಾವಾಸ್ಯೆಗೆ ಎಲ್ಲಿ ಎಂದು ತಿಳಿಯಲು. ಸೊನ್ನೆಯಿಂದ ಹತ್ತರವರೆಗಿನ ಅಂಕಿಗಳಲ್ಲಿ ಮೊದಲ ಗೀರು ಐದರ ಹತ್ತಿರ ಇತ್ತು. ನಾನು ಯಾವ ದನಿ ಯಾವುದೆಂದು ತಪ್ಪದೆ ಹೇಳಿದರೆ ಅಪ್ಪ ನನ್ನ ಕಿವಿ ಹಿಂಡಿ, ‘ಇವು ನನ್ನವು, ಈಕೀಗೆ ಕೊಟ್ಟೇನಿ’ ಎಂದು ಅವ್ವನಿಗೆ ಹೇಳಿ ನಗುತ್ತಿದ್ದ. ಆ ನಗು ನನಗೆ ಹೋಳಿಗೆಗಿಂತ ಹೆಚ್ಚಾಗಿತ್ತು.

ಗೀರು ಆರಕ್ಕೆ ಹೋಯಿತು. ಆಮೇಲೆ ಆರೂವರೆ. ಮುಂದಿನ ಮಳೆಗಾಲದ ಹೊತ್ತಿಗೆ ಏಳು. ಅದೇ ದಿನಗಳಲ್ಲಿ ಅಪ್ಪ ಮಿರಜಿಯ ಮೇಲೆ ಮುನಿಯತೊಡಗಿದ. ಯಾವುದನ್ನು ಮೀರಿಸಬೇಕೆಂದು ಅಷ್ಟು ವರ್ಷ ಒದ್ದಾಡಿದ್ದನೋ ಅದೇ ಈಗ ಅವನಿಗೆ ಬೇಡವಾಯಿತು. ಬಾಯಿಗೆ ಅರಿವಿ ಕಟ್ಟಿಕೊಂಡು ಮಾತಾಡಾಕತ್ತೈತಿ, ವಾಲ್ವ್ ಸತ್ತಾವು ಅಂದ. ಮಿರಜ್ ಊರಿಗೆ ಹೋಗಿ ಹೊಸ ವಾಲ್ವ್ ತಂದು ಹಾಕಿದ. ಅದೇ ದೂರು. ಕಂಡೆನ್ಸರ್ ಬದಲಿಸಿದ, ಸ್ಪೀಕರ್ ಬದಲಿಸಿದ. ಅದೇ ದೂರು. ನನ್ನ ಕಿವಿಗೆ ಅದು ಮೊದಲಿನ ಹಾಗೇ ಇತ್ತು, ತುಪ್ಪದ ಹಾಗೆ. ಮನೀದರ ದನಿಯೇ ಸಾಣೆ ಹಿಡಿಯುವವನ ಚಕ್ರಕ್ಕೆ ಕುಡುಗೋಲು ತಾಗಿಸಿದ ಹಾಗೆ ಆಗುತ್ತಿತ್ತು. ಒಂದು ಅಮಾವಾಸ್ಯೆ ಗೋಡೆಯ ಕಡೆ ಕೂತವಳು ತಡೆಯದೆ ಕಿವಿ ಮುಚ್ಚಿಕೊಂಡೆ.

“ಚುಚ್ಚತೈತಿ ಯಪ್ಪಾ. ಕಿವಿಯಾಗ ಸೂಜಿ ಹಾಕಿದಂಗ ಆಗತೈತಿ.”

ಅಪ್ಪನಿಂದ ಉತ್ತರ ಬರಲಿಲ್ಲ. ತಿರುಗಿ ನೋಡಿ ಇನ್ನೊಮ್ಮೆ ಹೇಳಿದೆ. ಅಪ್ಪನ ಮುಖ ಬಾಡಿತು. ಟ್ರೆಬಲ್ ಇಳಿಸಿದ, ತಲೆ ವಾರೆ ಮಾಡಿ ಕೇಳಿದ, ತಲೆ ಅಲ್ಲಾಡಿಸಿ ಮತ್ತೆ ಏರಿಸಿದ. ಆಮೇಲೆ ಎರಡನ್ನೂ ಬಂದ್ ಮಾಡಿ, ಅಂಗಿ ಹಾಕಿಕೊಂಡು ಹೊರಗೆ ಹೋಗಿಬಿಟ್ಟ. ರಾತ್ರಿ ಊಟಕ್ಕೂ ಸರಿಯಾಗಿ ಕೂರಲಿಲ್ಲ. ಅವ್ವ ನನ್ನನ್ನು ಒಲೆಯ ಹತ್ತಿರ ಎಳೆದು ರಟ್ಟೆ ಚಿವುಟಿದಳು.

“ತಿಂಗಳಿಗೆ ಒಂದ ದಿನಾ ಅಂವ ನಗತಾನ. ಅದನ್ನೂ ಕೆಡಿಸಿದೆಲ್ಲ ಹುಡುಗಿ! ಛಲೋ ಐತಿ ಅಂದ್ರ ನಿನ್ನ ಗಂಟೇನು ಹೋಗ್ತಿತ್ತು?”

“ಚುಚ್ಚತಿತ್ತು ಬೇ ಯವ್ವಾ.”

“ಚುಚ್ಚಲಿ. ಒಂದ ತಾಸು ಚುಚ್ಚಿದ್ರ ಯಾರೂ ಸಾಯಾಂಗಿಲ್ಲ.”

ಅಂದಿನಿಂದ ನಾನು ‘ಛಲೋ ಐತಿ’ ಅನ್ನಲು ಕಲಿತೆ. ಎಷ್ಟು ಸಲೀಸಾಗಿ ಕಲಿತೆ ಅಂದರೆ ನನಗೇ ಹೇಸಿಗೆ ಬರುತ್ತದೆ. ಗೋಡೆಗೆ ಮುಖವಿದ್ದದ್ದರಿಂದ ಹಲ್ಲು ಕಚ್ಚಿದ್ದು ಯಾರಿಗೂ ಕಾಣುತ್ತಿರಲಿಲ್ಲ. ಆಮೇಲೆ ನಗುತ್ತ ತಿರುಗುತ್ತಿದ್ದೆ, ಅಪ್ಪ ಕಿವಿ ಹಿಂಡುತ್ತಿದ್ದ. ಗೀರು ಏಳೂವರೆಗೆ, ಎಂಟಕ್ಕೆ ಹೋಯಿತು. ಅಪ್ಪನಿಗೆ ಏನೋ ಆಗಿದೆ ಎಂದು ನಮಗೆ ಹೊಳೆಯಬೇಕಿತ್ತು. ಮಗ್ಗ ನಿಂತಿದ್ದಾಗಲೂ ಹಾಲು ಉಕ್ಕಿ ಒಲೆಯ ಮೇಲೆ ಚುರ್ ಅಂದರೆ ಪಕ್ಕದಲ್ಲೇ ಕೂತವನು ತಿರುಗುತ್ತಿರಲಿಲ್ಲ. ಅವ್ವನ ಬಳೆಯ ಸದ್ದಿಗೆ ತಲೆ ಎತ್ತುವುದನ್ನು ಬಿಟ್ಟಿದ್ದ. ಆದರೆ ನಮ್ಮ ಮನೆಯಲ್ಲಿ ಎಲ್ಲರೂ ತುಟಿ ನೋಡಿಯೇ ಮಾತಾಡುವವರು, ಕೈಸನ್ನೆಯವರು. ಮುಖದ ಮುಂದೆ ಬಂದು ಮಾತಾಡಿದರೆ ಅಪ್ಪ ತಟ್ಟನೆ ಉತ್ತರ ಕೊಡುತ್ತಿದ್ದ. ಬೇರೆ ಯಾರ ಮನೆಯಲ್ಲಾದರೂ ವಾರದಲ್ಲಿ ಗೊತ್ತಾಗುವ ಸಂಗತಿ ನಮ್ಮಲ್ಲಿ ಎರಡು ವರ್ಷ ಯಾರಿಗೂ ಗೊತ್ತಾಗಲಿಲ್ಲ.

ಅಷ್ಟರಲ್ಲಿ ಮಲ್ಲಣ್ಣನ ನಸೀಬು ಖುಲಾಯಿಸುವ ಹಾಗೆ ಕಂಡಿತು. ಜಮಖಂಡಿಯ ಒಂದು ಆರ್ಕೆಸ್ಟ್ರಾದ ಮಾಸ್ತರು ಅವನ ಬಾರಿಸುವಿಕೆ ಕೇಳಿ ಮೆಚ್ಚಿದ್ದರು. ಅವರ ಗಿಟಾರಿನವನು ಊರು ಬಿಟ್ಟು ಹೋಗುವವನಿದ್ದ. ಮುಧೋಳದಲ್ಲಿ ಒಂದು ಮದುವೆ ಇದೆ, ನಿನ್ನ ಆಂಪ್ಲಿಫೈಯರ್ ತಗೊಂಡು ಬಾ, ಅಲ್ಲಿ ಛಲೋ ಬಾರಿಸಿದರೆ ನಮ್ಮಲ್ಲೇ ಇರು ಅಂದಿದ್ದರು. ಮಲ್ಲಣ್ಣನಿಗೆ ಅದು ಮಗ್ಗದಿಂದ ಬಿಡುಗಡೆ. ಲಾಳಿಯ ಬಡಿತ ಕನಸಿನಲ್ಲೂ ನಿಲ್ಲುವುದಿಲ್ಲ ಎಂದು ನನ್ನೊಬ್ಬಳ ಹತ್ತಿರ ಹೇಳಿಕೊಂಡಿದ್ದ. ಅಪ್ಪನಿಗೂ ಹಬ್ಬ. ಅವನು ಮನೀದರ ಹೊಟ್ಟೆ ಬಿಚ್ಚಿ ಒಳಗೆ ಇನ್ನೊಂದು ಕಂಡೆನ್ಸರ್ ಬೆಸೆದ, ದನಿ ಇನ್ನಷ್ಟು ಚೂಪಾಗಲಿ ಎಂದು. ಮದುವೆಗೆ ಮುಂಚಿನ ಅಮಾವಾಸ್ಯೆ ಗುಂಡಿಗಳನ್ನೆಲ್ಲ ಕೂರಿಸಿ, ಗದ್ದಲದಲ್ಲಿ ಯಾರೂ ತಿರುವಬಾರದೆಂದು ಒಂದೊಂದರ ಮೇಲೂ ಪಟ್ಟಿ ಅಂಟಿಸಿದ. ಟ್ರೆಬಲ್ಲಿನ ಗೀರು ಒಂಬತ್ತರ ಹತ್ತಿರ ಇತ್ತು.

ಮಲ್ಲಣ್ಣನ ಹುಬ್ಬು ಗಂಟಾಗಿತ್ತು. ಅಪ್ಪನ ಎದುರಿಗೆ ಬಂದು ನಿಂತು ಕೇಳಿದ.

“ಯಪ್ಪಾ, ಭಾಳ ಚೂಪ ಆಗಿಲ್ಲೇನು?”

“ಮನ್ಯಾಗ ಹಂಗ ಕೇಳಸ್ತೈತಿ ತಮ್ಮಾ. ಅಲ್ಲಿ ಹಂದರದ ಅರಿವಿ, ಮಂದಿ, ಮಂದೀ ಮೈಮ್ಯಾಲಿನ ಅರಿವಿ, ಎಲ್ಲಾ ಟ್ರೆಬಲ್ಲ ತಿಂತಾವು. ಅಲ್ಲಿ ನೋಡೀಯಂತ.”

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಬಟ್ಟೆ, ಮಂದಿ ಚೂಪು ದನಿಯನ್ನು ತಿನ್ನುವುದು ನಿಜ. ಆದರೆ ಅಷ್ಟನ್ನಲ್ಲ. ಮಲ್ಲಣ್ಣ ಒಪ್ಪಿದ, ಆದರೂ ಹಿತ್ತಲಿಗೆ ಬಂದು ನನ್ನನ್ನು ಒಬ್ಬಳನ್ನೇ ಹಿಡಿದು ಕೇಳಿದ.

“ಗೌರಾ, ನಿನ್ನ ಕಿವಿ ಛಲೋ ಅದಾವು. ಖರೆ ಹೇಳು. ಹ್ಯಾಂಗೈತಿ?”

ಅಲ್ಲಿ ಅಪ್ಪ ಇರಲಿಲ್ಲ, ಅವ್ವ ಇರಲಿಲ್ಲ. ನಿಜ ಹೇಳಿದ್ದರೆ ಯಾರೂ ಚಿವುಟುತ್ತಿರಲಿಲ್ಲ. ಆದರೆ ಮಲ್ಲಣ್ಣ ಸೀದಾ ಹೋಗಿ ಅಪ್ಪನಿಗೆ ಗೌರಾನೂ ಹಂಗ ಅಂತಾಳು ಅನ್ನುತ್ತಾನೆ, ಅಪ್ಪನ ಮುಖ ಮತ್ತೆ ಬಾಡುತ್ತದೆ, ನನ್ನ ಕಿವಿ ಇನ್ನು ಅವನವಲ್ಲ. ಇಷ್ಟೇ ನನ್ನ ತಲೆಯಲ್ಲಿ ಇದ್ದದ್ದು.

“ಛಲೋ ಐತಿ ಯಣ್ಣಾ,” ಅಂದೆ.

ಮುಧೋಳಕ್ಕೆ ಬಸ್ಸಿನಲ್ಲಿ ಹೋದೆವು, ಅಪ್ಪ, ಮಲ್ಲಣ್ಣ, ನಾನು. ಮನೀದನ್ನು ಬಸ್ಸಿನ ಮೇಲೆ ಹಾಕದೆ ಅಪ್ಪ ತೊಡೆಯ ಮೇಲೇ ಇಟ್ಟುಕೊಂಡಿದ್ದ. ಅಕ್ಷತೆ ಮುಗಿದು ಊಟದ ಪಂಕ್ತಿ ಏಳುವ ಹೊತ್ತಿಗೆ ಆರ್ಕೆಸ್ಟ್ರಾ ಶುರುವಾಯಿತು. ಅಪ್ಪ ಇಸ್ತ್ರಿ ಮಾಡಿದ ಅಂಗಿ, ಬಿಳಿ ಟೋಪಿ ಹಾಕಿಕೊಂಡು ಮುಂದಿನ ಸಾಲಿನಲ್ಲಿ, ಸರಿಯಾಗಿ ಮನೀದರ ಎದುರಿಗೆ ಕೂತ. ಮಲ್ಲಣ್ಣ ಮೊದಲ ಸಲ ತಂತಿ ಮೀಟಿದಾಗ ಹಂದರವೆಲ್ಲ ಒಮ್ಮೆ ಬೆಚ್ಚಿತು. ಆಮೇಲೆ ಒಂದೊಂದು ಮೀಟಿಗೂ ಮುಖಗಳು ಕಿವುಚಿಕೊಂಡವು. ತೊಟ್ಟಿಲ ಕೂಸು ಕಿರುಚಿ ಅಳತೊಡಗಿತು. ಒಬ್ಬ ಮುದುಕಿ ಸೆರಗನ್ನು ಕಿವಿಗೆ ತುರುಕಿಕೊಂಡು ಶಾಪ ಹಾಕಿದಳು. ಮಲ್ಲಣ್ಣ ನುಡಿಸುತ್ತಲೇ ಬಗ್ಗಿ ಪಟ್ಟಿ ಕಿತ್ತು ಟ್ರೆಬಲ್ ಇಳಿಸಿದ. ಒಳಗೆ ಬೆಸೆದ ಕಂಡೆನ್ಸರ್ ಬಿಡಬೇಕಲ್ಲ! ಗೇನ್ ಮುಟ್ಟಲು ಹೋದ, ಪೆಟ್ಟಿಗೆ ಸೀಟಿ ಹೊಡೆಯತೊಡಗಿತು. ಮಾಸ್ತರು ಎದ್ದು ಬಂದು, ಎಲ್ಲರ ಮುಂದೆ, ವಾಯರ್ ಕಿತ್ತು ಒಗೆದರು.

ನಾನು ಅಪ್ಪನನ್ನು ನೋಡುತ್ತಿದ್ದೆ. ಇಷ್ಟು ಹೊತ್ತೂ ಅವನು ನಗುತ್ತಿದ್ದ. ತೊಡೆಯ ಮೇಲೆ ಬೆರಳಿನಿಂದ ತಾಳ ಹಾಕುತ್ತ, ಕಣ್ಣು ಅರ್ಧ ಮುಚ್ಚಿ, ಎಲ್ಲರಿಗಿಂತ ಹತ್ತಿರ ಕೂತು, ಅಷ್ಟು ಸಂತೋಷದಿಂದ ನಗುತ್ತಿದ್ದ. ಮಾಸ್ತರ ಕೈ ಕಂಡಾಗ ಬೆರಳು ನಿಂತವು. ನನ್ನ ಕಡೆ ತಿರುಗಿ ಮನೆಯಲ್ಲಿ ಕೇಳುವ ಹಾಗೆ ಬರೀ ತುಟಿಯಲ್ಲಿ ಕೇಳಿದ: ಏನಾತು? ನಾನು ನೆಲ ನೋಡಿದೆ. ಅಂದು ಆ ಹಂದರದಲ್ಲಿ ನೆಲ ಬಿರಿದು ನುಂಗಿದ್ದರೆ ಒಳ್ಳೆಯದಿತ್ತು ಅನಿಸುತ್ತದೆ.

ಮಾರನೆಯ ದಿನ ಮುಂಜಾನೆ ಎಂದಿನ ಹಾಗೆ ಮಗ್ಗ ಹೂಡಿದೆವು. ಯಾರೂ ಯಾರ ತುಟಿಯನ್ನೂ ನೋಡಲಿಲ್ಲ. ಹತ್ತರ ಸುಮಾರಿಗೆ ಕರೆಂಟ್ ಹೋಯಿತು. ನಾಲ್ಕು ಮಗ್ಗವೂ ಒಟ್ಟಿಗೆ ನಿಂತಾಗ ಕಿವಿಯಲ್ಲಿ ಗುಂಯ್ ಅನ್ನುತ್ತದೆ, ಆಮೇಲೆ ಸೂಜಿ ಬಿದ್ದರೂ ಕೇಳುತ್ತದೆ. ಅಪ್ಪ ಬಾಗಿಲ ಕಡೆ ಬೆನ್ನು ಮಾಡಿ ಮಗ್ಗದ ಮೇಲೆ ಬಗ್ಗಿ ಹರಿದ ಎಳೆ ಕಟ್ಟುತ್ತಿದ್ದ. ಮಲ್ಲಣ್ಣ ಹೆಗಲಿಗೆ ಚೀಲ ಹಾಕಿಕೊಂಡು ನಡುಮನೆಯಿಂದ ಬಂದು ಹೊಸ್ತಿಲಲ್ಲಿ ನಿಂತ. ಅವ್ವ ಹಿಟ್ಟಿನ ಕೈಯಲ್ಲೇ ಓಡಿಬಂದಳು. ಮಲ್ಲಣ್ಣ ಚೀರಲಿಲ್ಲ. ಅಪ್ಪನ ಬೆನ್ನಿಗೆ, ಎಲ್ಲರೂ ಮಾತಾಡುವ ದನಿಯಲ್ಲಿ ಹೇಳಿದ.

“ಯಪ್ಪಾ, ನಾ ಹೊಂಟೇನಿ.”

ಅಪ್ಪ ಎಳೆ ಕಟ್ಟುತ್ತಿದ್ದ.

“ಯಪ್ಪಾ. ನಿನಗ ಕಿವಿ ಕೇಳಸೂದಿಲ್ಲ. ನೀ ಕಿವುಡ ಆಗೀದಿ.”

ಅಪ್ಪ ಆ ಎಳೆ ಕಟ್ಟಿ ಮುಗಿಸಿ, ಬೆರಳಿಗೆ ಉಗುಳು ಹಚ್ಚಿಕೊಂಡು, ಇನ್ನೊಂದನ್ನು ಹಿಡಿದ. ಅವ್ವ ಹಿಟ್ಟಿನ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಮುಖವೆಲ್ಲ ಹಿಟ್ಟಾಯಿತು. ಅಯ್ಯೋ ಶಿವನೇ ಅಂದಳು, ಅದೂ ಅಪ್ಪನಿಗೆ ಕೇಳಲಿಲ್ಲ. ನಾವು ಮೂವರೂ ಆ ಬೆನ್ನನ್ನು ನೋಡುತ್ತ ನಿಂತೆವು. ಸ್ವಲ್ಪ ಹೊತ್ತಿನ ಮೇಲೆ ಅಪ್ಪ ನಡು ನೆಟ್ಟಗೆ ಮಾಡಿಕೊಂಡು ತಿರುಗಿದ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿದ.

“ಏನಂದಿ?” ಎಂದು ಮಲ್ಲಣ್ಣನನ್ನು ಕೇಳಿದ.

ಮಲ್ಲಣ್ಣ ಮುಖ ತಿರುಗಿಸಿದ. ಅಪ್ಪ ನನ್ನ ಕಡೆ ತಿರುಗಿದ.

“ಗೌರಾ, ಏನಂದ ಅಂವ?”

“ಏನಿಲ್ಲ ಯಪ್ಪಾ.”

ಅಪ್ಪ ನನ್ನ ತುಟಿಯನ್ನು ಬಹಳ ಹೊತ್ತು ನೋಡಿದ. ಅವನು ದಡ್ಡನಾಗಿರಲಿಲ್ಲ. ವಾಲ್ವ್ ಬದಲಿಸಿದ್ದು, ಸ್ಪೀಕರ್ ಬದಲಿಸಿದ್ದು, ಹಂದರದ ಮುಖಗಳು, ಎಲ್ಲ ಆಗ ಅವನಿಗೆ ಒಂದರ ಹಿಂದೆ ಒಂದು ತಿಳಿದಿರಬೇಕು.

“ನೀ ಛಲೋ ಐತಿ ಅಂದಿದ್ದೆಲ್ಲ,” ಅಂದ.

ಬೈಯಲಿಲ್ಲ, ಸಿಟ್ಟೂ ಇರಲಿಲ್ಲ. ಅದಕ್ಕೇ ಆ ಮಾತು ಇವತ್ತಿಗೂ ಮನಸ್ಸಿನಿಂದ ಹೋಗಿಲ್ಲ.

ಮಲ್ಲಣ್ಣ ಅಂದೇ ಮನೆ ಬಿಟ್ಟ. ಸಮೀರವಾಡಿಯಲ್ಲಿ ಸಕ್ಕರೆ ಕಾರ್ಖಾನೆಯ ಕೆಲಸಕ್ಕೆ ಸೇರಿದ, ಯಾವ ಆರ್ಕೆಸ್ಟ್ರಾದ ಬಾಗಿಲಿಗೂ ಮತ್ತೆ ಹೋಗಲಿಲ್ಲ. ಅಪ್ಪ ಎರಡು ಆಂಪ್ಲಿಫೈಯರ್‌ಗಳ ಮೇಲೂ ಮಗ್ಗದ ಬಟ್ಟೆ ಹೊದಿಸಿದ, ಬಂದ ರಿಪೇರಿಯವರನ್ನೆಲ್ಲ ಕೈ ಮುಗಿದು ಕಳಿಸಿದ. ಅಮಾವಾಸ್ಯೆಯ ಮಧ್ಯಾಹ್ನ ಹೋಳಿಗೆ ತಿಂದು ಗೋಡೆಗೆ ಮುಖ ಮಾಡಿ ಮಲಗುತ್ತಿದ್ದ. ನಾನು ಕರೆದರೆ ತಿರುಗುತ್ತಿರಲಿಲ್ಲ. ಕೇಳಲಿಲ್ಲವೋ, ಕೇಳಿಸಿಕೊಳ್ಳುವ ಮನಸ್ಸಿರಲಿಲ್ಲವೋ, ದೇವರಿಗೆ ಗೊತ್ತು. ಮೊದಲ ಗೀರಿನಿಂದ ಎರಡನೇ ಗೀರಿಗೆ ಹೋದಾಗಲೇ ನಾನು ಬಾಯಿ ಬಿಟ್ಟಿದ್ದರೆ, ಬಿಟ್ಟು ಹಟ ಹಿಡಿದು ಅತ್ತಿದ್ದರೆ, ಯಾರಾದರೂ ಅವನನ್ನು ಮಗ್ಗದಿಂದ ಎಬ್ಬಿಸುತ್ತಿದ್ದರೇನೋ. ಯಾರೂ ಎಬ್ಬಿಸಲಿಲ್ಲ. ಸಾಯುವ ಹಿಂದಿನ ವಾರದವರೆಗೂ ಅಪ್ಪ ನೇಯ್ದ. ಅವನ ಮಗ್ಗದ ಮುಂದೆ ಆಮೇಲೆ ನಾನು ನಿಂತೆ. ಲಗ್ನವಾಗಿ ಹೋದ ರಬಕವಿಯ ಮನೆಯಲ್ಲೂ ಮಗ್ಗವೇ. ಗಂಡ ತೀರಿದ ಮೇಲೆ ತಿರುಗಿ ಬಂದದ್ದೂ ಇದೇ ಪಡಸಾಲೆಗೆ.

ಈ ವರ್ಷ ಮಲ್ಲಣ್ಣ ಕೆಲಸದಿಂದ ನಿವೃತ್ತನಾದ. ಹೋದ ಅಮಾವಾಸ್ಯೆಗೆ ಬಂದವನ ಕೈಯಲ್ಲಿ ಹಳೆಯ ಗಿಟಾರ್ ಇತ್ತು, ಹೊಸ ತಂತಿ ಹಾಕಿಸಿದ್ದ. ಊಟವಾದ ಮೇಲೆ ತಾನೇ ಹೋಗಿ ಹಲಗೆಯ ಮೇಲಿನ ಬಟ್ಟೆ ಎಳೆದ. ಮಿರಜಿಯ ವಾಲ್ವ್ ಹೊತ್ತಲೇ ಇಲ್ಲ. ಮನೀದರ ಹೊಟ್ಟೆ ಬಿಚ್ಚಿ, ಅಪ್ಪ ಕೊನೆಗೆ ಬೆಸೆದಿದ್ದ ಕಂಡೆನ್ಸರನ್ನು ಕತ್ತರಿಸಿ ತೆಗೆದು, ಒಣಗಿದ್ದ ಒಂದೆರಡನ್ನು ಬದಲಿಸಿದ. ಪೆಟ್ಟಿಗೆ ಸಣ್ಣಗೆ ಗುಂಯ್ ಅಂದು ಎದ್ದಿತು. ನನ್ನ ಭುಜ ಮುಟ್ಟಿ, ಎದುರಿಗೆ ಬಂದು ಹೇಳಿದ.

“ಗೋಡಿ ಕಡೆ ಮುಖಾ ಮಾಡಿ ಕುಂದರು. ಅಪ್ಪ ಕುಂದರಸ್ತಿದ್ದ ನೋಡು, ಹಂಗ.”

ಈ ವಯಸ್ಸಿನಲ್ಲಿ ಮಂಡಿ ಮಡಿಸಲು ಬರುವುದಿಲ್ಲ. ಕುರ್ಚಿ ತಿರುಗಿಸಿಕೊಂಡು ಕೂತೆ. ಎಲ್ಲ ಸೊನ್ನೆಯಿಂದ ಶುರುವಾಯಿತು. ಮಿಡಲ್ ಬಂತು, ಬಾಸ್ ಬಂತು. ಮೆಲ್ಲಗೆ ಮೀಟಿದ, ಜೋರಾಗಿ ಮೀಟಿದ. ಬೆರಳು ಮರೆತಿರಲಿಲ್ಲ. ಆದರೆ ದನಿ ಗೋಣಿಚೀಲದೊಳಗಿಂದ ಬಂದ ಹಾಗಿತ್ತು. ಟ್ರೆಬಲ್ ಹಚ್ಚೋ ಯಣ್ಣಾ ಅಂದೆ. ಸ್ವಲ್ಪ ತಿಳಿಯಾಯಿತು. ಇನ್ನಷ್ಟು ಅಂದೆ. ಇನ್ನಷ್ಟು. ಆಮೇಲೆ ಒಂದು ಜಾಗದಲ್ಲಿ ತಂತಿಯ ಮೇಲೆ ಬೆರಳು ತಾಗುವುದು ಕೂಡ ಕೇಳಿತು. ನನ್ನ ಕಣ್ಣು ತುಂಬಿದವು. ಈ ಪೆಟ್ಟಿಗೆ ಇಷ್ಟು ಚಂದ ಮಾತಾಡಿದ್ದನ್ನು ನಾನು ಎಂದೂ ಕೇಳಿರಲಿಲ್ಲ. ಅಪ್ಪ ಕೊನೆಗೂ ಮಿರಜಿಯನ್ನು ಮೀರಿಸಿದ್ದ, ನಮಗೇ ಗೊತ್ತಾಗಿರಲಿಲ್ಲ ಅನಿಸಿತು.

“ಹಾಂ, ಅಲ್ಲೇ ನಿಲ್ಲಸು,” ಅಂದೆ. “ಛಲೋ ಐತಿ. ಖರೇನ ಛಲೋ ಐತಿ ಯಣ್ಣಾ.”

ಗಿಟಾರ್ ನಿಂತಿತು. ಅವನು ಇನ್ನೊಂದು ರಾಗ ಎತ್ತುತ್ತಾನೆಂದು ಕಾದೆ. ಎತ್ತಲಿಲ್ಲ. ಕುರ್ಚಿಯಲ್ಲೇ ತಿರುಗಿದೆ. ಮಲ್ಲಣ್ಣ ಗಿಟಾರನ್ನು ನೆಲಕ್ಕಿಟ್ಟು ನನ್ನನ್ನೇ ನೋಡುತ್ತ ನಿಂತಿದ್ದ. ಅವನ ತುಟಿ ಆಗಷ್ಟೇ ಮುಚ್ಚಿಕೊಂಡಿತ್ತು. ಅವನ ಒಂದು ಕೈ ಕಿವಿಯ ಮೇಲಿತ್ತು. ಇನ್ನೊಂದು ಕೈ ಟ್ರೆಬಲ್ ಗುಂಡಿಯ ಮೇಲೆ ಇತ್ತು, ಗುಂಡಿ ಉಳಿದೆಲ್ಲ ಗೀರುಗಳನ್ನು ದಾಟಿ ಒಂಬತ್ತರ ಹತ್ತಿರದ ಕೊನೆಯ ಗೀರಿನ ಮೇಲೆ ಬಂದು ನಿಂತಿತ್ತು.

“ಏನಂದಿ?” ಎಂದು ಕೇಳಿದೆ.

ಅವನು ಹತ್ತಿರ ಬಂದು, ನನ್ನ ಎದುರಿಗೆ ಕೂತು, ತುಟಿ ದೊಡ್ಡದಾಗಿ ಆಡಿಸಿ ಹೇಳಿದ.

“ಏನಿಲ್ಲ.”